ಸದ್ದು ಮಾಡುವ ಕಾಫಿ ಮಿಲ್ಲು

ಗೆಳೆಯರೇ, ಕೈಯಲ್ಲಿ ತಿರುಗಿಸುವ ಕಾಫಿ ಮಿಲ್ಲು ಕೊಳ್ಳಲು ಅಮ್ಮನನ್ನು ಹೊಸೂರಿನ ಪಾತ್ರೆ ಅಂಗಡಿಗೆ ಕರೆದೊಯ್ಯಬಾರದಿತ್ತು. ಇವತ್ತು ಬೆಳಿಗ್ಗೆ ಒಂದೊಂದರ ಹಿಡಿಯನ್ನೂ ತಿರುಗಿಸಿ, ಕಿವಿಗೊಟ್ಟು ಕೇಳಿ, ಪಕ್ಕಕ್ಕಿಟ್ಟರು. ನಾನು ಮೆಚ್ಚಿದ ಸ್ಟೀಲಿನದನ್ನು ಅಂಗಡಿಯವನು ಹೊಗಳಿದ: "ಇದ್ರಲ್ಲಿ ಸೌಂಡೇ ಬರಲ್ಲಮ್ಮ."

"ಸೌಂಡೇ ಬರ್ದಿದ್ರೆ ಪಕ್ಕದ್ಮನೆಯೋರ್ಗೆ ಕಾಫಿ ಆಯ್ತಾ ಅದೆ ಅಂತ ಹೆಂಗ್ ಗೊತ್ತಾಯ್ತದೆ?" ಎಂದರು ಅಮ್ಮ.

ನಮ್ಮ ಹಳೆಯ ವಠಾರದಲ್ಲಿ ಯಾರನ್ನೂ ಯಾರೂ ಕಾಫಿಗೆ ಕರೆಯುತ್ತಿರಲಿಲ್ಲ. ಗೋಡೆಗೆ ಬಿಗಿದಿದ್ದ ಮಿಲ್ಲು ಗರಗರ ಎಂದರೆ ಸಾಕು, ಶಿಫ್ಟ್ ಮುಗಿಸಿ ಬಂದವರೆಲ್ಲ ಲೋಟ ಹಿಡಿದು ನಮ್ಮ ಬಾಗಿಲಲ್ಲಿರುತ್ತಿದ್ದರು.

ಕೊನೆಗೆ ಎಲ್ಲಕ್ಕಿಂತ ಹೆಚ್ಚು ಗಲಾಟೆ ಮಾಡುವ ಕಬ್ಬಿಣದ ಮಿಲ್ಲೇ ನಮ್ಮ ಅಪಾರ್ಟ್‌ಮೆಂಟಿಗೆ ಬಂತು. ಸಂಜೆ ಅಮ್ಮ ಅದನ್ನು ತಿರುಗಿಸುತ್ತಿದ್ದಾಗ ಯಾರೋ ಬಾಗಿಲು ಬಡಿದರು. ನೋಡಿದರೆ, ಇದುವರೆಗೆ ನಮ್ಮೊಡನೆ ಮಾತೇ ಆಡದ ಮೇಲಿನ ಮನೆಯವರು.

"ಏನ್ ಸಾರ್ ಇದು ಸದ್ದು? ನೈಟ್ ಶಿಫ್ಟಿಗೆ ಹೋಗ್ಬೇಕು, ಮಲ್ಗಿದ್ದೆ."

ನಾನು ಬಾಯಿ ಬಿಡುವ ಮೊದಲೇ ಅಮ್ಮ ಒಳಗಿನಿಂದ ಕೂಗಿದರು: "ಬಾಪ್ಪಾ, ಕೂತ್ಕೋ. ಡಿಕಾಕ್ಷನ್ ಇಳೀತಾ ಅದೆ."

ಕುಡಿದು ಹೊರಡುವಾಗ ಅವರು ಕೇಳಿದ್ದು ಇಷ್ಟೇ: "ನಾಳೆ ಎಷ್ಟೊತ್ಗೆ ತಿರುಗಿಸ್ತೀರಮ್ಮ?"

ಈಗ ಅಮ್ಮ ಅಟ್ಟದಿಂದ ವಠಾರದ ಕಾಲದ ದೊಡ್ಡ ಫಿಲ್ಟರ್ ಇಳಿಸು ಎನ್ನುತ್ತಿದ್ದಾರೆ.