ಬಲ್ದಿ ಹೊಗೆ

ಮೊರಾಕ್ಕೊದ ಸಂತೆಯಲ್ಲಿ ಮೊಟ್ಟೆ ಕೊಳ್ಳುವವರು ಮೊದಲು ಕೇಳುವುದು ಒಂದೇ: ಬಲ್ದಿಯೋ, ರೂಮಿಯೋ? ಬಲ್ದಿಯೆಂದರೆ ನಾಟಿ, ಅಪ್ಪಟ, ದುಬಾರಿ. ರೂಮಿಯೆಂದರೆ ಫಾರಂನದು, ಪರದೇಶದ್ದು, ರುಚಿಯಿಲ್ಲದ್ದು. ರೋಮನ್ನರು ಬಿಟ್ಟುಹೋದದ್ದಕ್ಕೂ ಅದೇ ಹೆಸರು, ರೂಮಿ. ಅಲ್ಲಾಲ ಕೆಟ್ಟದ್ದು ಈ ಎರಡು ಮಾತುಗಳ ನಡುವೆ ಸಿಕ್ಕಿ.

ಗುಡ್ಡದ ಮೇಲಿನ ರೂಮಿ ಹಾಳೂರಿಗೆ ಅವನೇ ಗೈಡು; ಊರಿಗೆಲ್ಲ ‘ಬಾ’, ಅಂದರೆ ಅಪ್ಪ. ಹುಟ್ಟಿದ್ದೂ ಅಲ್ಲೇ, ಹಳೆಯ ಗುಡಿಯ ಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿದ್ದ ಮನೆಯಲ್ಲಿ. ಸರ್ಕಾರ ಊರನ್ನು ಗುಡ್ಡದ ಕೆಳಕ್ಕೆ ಸಾಗಿಸಿ ಮನೆಗಳನ್ನು ಕೆಡವಿದಾಗ, ಅವನ ತಾಯಿ ರ್ಹಿಮೋ ರೊಟ್ಟಿ ಸುಡುತ್ತಿದ್ದ ಮೂಲೆಯ ಮಸಿ ಮಾತ್ರ ಗುಡಿಯ ಕಲ್ಲಿನ ಮೇಲೆ ಉಳಿಯಿತು. ಅವಳದೊಂದು ಫೋಟೊ ಕೂಡ ಇಲ್ಲ. ಪ್ರವಾಸಿಗಳಿಗೆ ಅಲ್ಲಾಲ ಅದನ್ನು ರೋಮನ್ನರ ಬಲಿಯ ಹೊಗೆಯೆಂದು ಮಾರುತ್ತಿದ್ದ. ಹಳೆಯ ಸರಕಿಗೇ ಗಿರಾಕಿ ಹೆಚ್ಚು. ಅವರು ಮುಂದೆ ಹೋದ ಮೇಲೆ ಅಂಗೈಯನ್ನು ಮಸಿಗೊಮ್ಮೆ ಒತ್ತಿ ಹಿಂದೆಯೇ ನಡೆಯುತ್ತಿದ್ದ.

ಆ ವಸಂತದಲ್ಲಿ ಗೋಡೆಗಳ ದುರಸ್ತಿಗೆಂದು ರಾಜಧಾನಿ ರಬಾತಿನಿಂದ ನುಝಾ ಎಂಬ ಇಂಜಿನಿಯರ್ ಬಂದಳು. ಅಲ್ಲಾಲನನ್ನೇ ಗೊತ್ತುಮಾಡಿಕೊಂಡು ಹಾಳೂರೆಲ್ಲ ಸುತ್ತಿ, ಕೊನೆಗೆ ಮಸಿಯ ಮುಂದೆ ನಿಂತಳು.

“ಬಾ ಅಲ್ಲಾಲ್, ಟೂರಿಸ್ಟುಗಳಿಗೆ ಹೇಳೋ ಕತೆ ಬೇಡ. ಇದು ರೂಮಿನೋ, ಬಲ್ದಿನೋ?”

ನಾಡಿನ ಮಗಳ ಎದುರು ತಾಯಿಯನ್ನು ಫಾರಂ ಕೋಳಿ ಮಾಡಲು ಮುದುಕನಿಗೆ ನಾಲಿಗೆ ಬರಲಿಲ್ಲ.

“ಬಲ್ದಿ, ಮೇಡಂ. ಅಪ್ಪಟ ಬಲ್ದಿ. ನಮ್ಮಮ್ಮ ರೊಟ್ಟಿ ಸುಟ್ಟಿದ್ದು.”

ಅವಳು ಶುಕ್ರಾನ್ ಎಂದು ಮನಸಾರೆ ವಂದಿಸಿ, ಗೋಡೆಗೆ ಸೀಮೆಸುಣ್ಣದ ಗುರುತು ಹಾಕಿದಳು. ಅಲ್ಲಾಲ ಉಬ್ಬಿಹೋದ. ಗೇಟಿನ ಬಳಿ ಮೊಟ್ಟೆ ಮಾರುವ ಬುಶ್ತಾನ ಹತ್ತಿರ ಹೋಗಿ, ತನ್ನ ತಾಯಿ ಇನ್ನು ರಬಾತಿನವರ ಲೆಕ್ಕಕ್ಕೆ ಸೇರಿದಳೆಂದು ಕೊಚ್ಚಿಕೊಂಡ.

ಬುಶ್ತಾ ತಲೆ ಎತ್ತಲಿಲ್ಲ. “ಅವರು ಗುರುತು ಹಾಕಿದ್ದು ಯಾವ್ದಪ್ಪ ಉಳಿದಿದೆ? ನಮ್ಮನೆ ಬಾಗಿಲಿಗೂ ಹಾಕಿದ್ರು.”

ವಾರ ಕಳೆಯುವುದರೊಳಗೆ ಕೆಲಸದವರು ನೀರು, ಬ್ರಷ್ಷು ಹಿಡಿದು ಬಂದರು. ಅಲ್ಲಾಲ ಏದುಸಿರು ಬಿಡುತ್ತ ಮೇಲೆ ಹತ್ತಿದಾಗ, ರೋಮನ್ನರು ಹಾಸಿದ ಕಲ್ಲುಗಳ ಸಂದಿಯಲ್ಲಿ ಕಪ್ಪು ನೀರು ಇಳಿದು ಹೋಗುತ್ತಿತ್ತು. ಅವನ ಮುಖ ನೋಡಿ ನುಝಾ ಗಾಬರಿಯಾದಳು.

“ನೀವೇ ಬಲ್ದಿ ಅಂದ್ರಲ್ಲ, ಬಾ? ರೂಮಿ ಆಗಿದ್ರೆ ನಾವು ಮುಟ್ತಾನೇ ಇರ್ಲಿಲ್ಲ.”

ಅವಳಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗುತ್ತಿದ್ದ.

ಮರುದಿನ ಫ್ರೆಂಚ್ ದಂಪತಿಗಳಿಬ್ಬರು ಆ ಮೂಲೆಯಲ್ಲಿ ನಿಂತು, ಇಲ್ಲೇನಿತ್ತು ಎಂದು ವಿಚಾರಿಸಿದರು. ಅಲ್ಲಾಲ ಅವರ ಎದುರಿಗೇ ಅಂಗೈ ಒತ್ತಿ ನೋಡಿದ. ಕೈಗೆ ಏನೂ ಅಂಟಲಿಲ್ಲ.

“ರೂಮಿ,” ಎಂದ.

ಅವರು ಖುಷಿಪಟ್ಟು ಫೋಟೊ ತೆಗೆದುಕೊಂಡರು.