ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ

ಡೌಟಕ್ಕನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ಕಡಿಮೆ ಹೇಳಿದಂತಾಯಿತು. ಮೂಗಿನ ತನಕ ಬರುವಷ್ಟು ತಡವನ್ನೂ ಆ ಕೋಪ ಸಹಿಸುತ್ತಿರಲಿಲ್ಲ. ಅವಳಣ್ಣನ ಟ್ಯುಟೋರಿಯಲ್‌ನಲ್ಲಿ ಮೆಟ್ಟಿಲ ಕೆಳಗೆ ಗೂಡಿನಂಥ ಒಂದು ಕೋಣೆ, ಆ ಕೋಣೆಗೊಂದು ಕಿಟಕಿ, ಕಿಟಕಿಯ ಹಿಂದೆ ಇವಳು. ಪಾಠ ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ತಮ್ಮ ಡೌಟು ಕೇಳಬೇಕು. ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ, ಮೂರಕ್ಕೂ ಇವಳೊಬ್ಬಳೇ. ಹಾಗಾಗಿ ಆ ಹೆಸರು.

ಮಕ್ಕಳು ವರ್ಷವರ್ಷವೂ ಬದಲಾಗುತ್ತಿದ್ದರು, ಪ್ರಶ್ನೆಗಳು ಜಪ್ಪಯ್ಯ ಅಂದರೂ ಬದಲಾಗುತ್ತಿರಲಿಲ್ಲ. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಯಾಕೆ? ಸೊನ್ನೆಯಿಂದ ಯಾಕೆ ಭಾಗಿಸಬಾರದು? ವೈರಸ್ಸಿಗೆ ಜೀವ ಇದೆಯೋ ಇಲ್ಲವೋ? ಗಿಡ ರಾತ್ರಿ ಉಸಿರಾಡಿದರೆ ಹಗಲು ಏನು ಮಾಡುತ್ತೆ? ಭಿನ್ನರಾಶಿಯನ್ನು ಭಾಗಿಸುವಾಗ ಯಾಕೆ ತಲೆಕೆಳಗು ಮಾಡಬೇಕು? ಮೊದಲ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಅವಳಿಗೆ ಗೊತ್ತು. ‘ಅಕ್ಕ, ಮೈನಸ್ಸಿಗೆ...’ ಎನ್ನುವಷ್ಟರಲ್ಲಿ ಉತ್ತರ ಹೊರಗೆ ಬಂದು, ಮಗು ಪಕ್ಕಕ್ಕೆ ಸರಿದು, ಹಿಂದಿನ ಮಗು ಕಿಟಕಿಗೆ ಬಂದಾಗಿರುತ್ತಿತ್ತು.

ಇದನ್ನು ಅವಳಿಗೆ ಕಲಿಸಿದ್ದು ಅಪ್ಪ. ಊಟಕ್ಕೆ ಕೂತಾಗ ಮಗ್ಗಿ ಕೇಳುವ ಅಭ್ಯಾಸ ಆ ಮನುಷ್ಯನದು. ತಡವಾದರೆ ತಲೆಗೊಂದು ಮೊಟಕು. ಮೊಟಕು ತಿಂದು ತಿಂದು ಅಣ್ಣ ಮಾತಿನ ಮಲ್ಲನಾದ, ತಪ್ಪಿಸಿಕೊಳ್ಳುವುದಕ್ಕೆ ತಂಗಿ ಚುರುಕಾದಳು. ಮುಂದೆ ತಂಗಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದಳು. ಶಾಲೆಯೊಂದು ಅವಳನ್ನು ಕೆಲಸಕ್ಕೆ ಕರೆದು, ದನಿ ಜೋರು ಎಂದು ವಾಪಸು ಕಳಿಸಿತು. ಅಣ್ಣ ಕಿಟಕಿ ಕೊಟ್ಟ. ಮಹಡಿಯ ಮೇಲೆ ಇರಲಿಕ್ಕೊಂದು ರೂಮನ್ನೂ ಕೊಟ್ಟ, ಕೊಟ್ಟದ್ದನ್ನು ಬಂದವರಿಗೆಲ್ಲ ಹೇಳಿಕೊಂಡ. ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವಳ ಸಿಟ್ಟಿಗೆ ಅರ್ಧ ಕಾರಣ ಅದು. ಅಣ್ಣನ ಮೇಲೆ ತೋರಿಸಲಾಗದ್ದು ಮಕ್ಕಳ ಮೇಲೆ ಹರಿಯುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಅಣ್ಣನಿಗೆ ಅದರಿಂದೇನು ನಷ್ಟ? ಅವಳ ಚುರುಕನ್ನೇ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ: ‘ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ’. ಅದರ ಕೆಳಗೆ ಎರಡು ಕಟ್ಟಳೆ: ಪಠ್ಯದ ಪ್ರಶ್ನೆ ಮಾತ್ರ ಕೇಳತಕ್ಕದ್ದು, ಸಾಲು ಮುರಿಯತಕ್ಕದ್ದಲ್ಲ. ಸಾಲು ಮುರಿದವರ ಮಾನವನ್ನು ಡೌಟಕ್ಕ ಅಲ್ಲೇ ಹರಾಜು ಹಾಕುತ್ತಿದ್ದಳು. ‘ನಿನ್ನ ಮದುವೆಗೆ ಹೊತ್ತಾಯ್ತೇನೋ?’ ಎಂದು ಕೇಳಿದ ಮೇಲೆ ಯಾವ ಹುಡುಗ ತಾನೇ ಮತ್ತೆ ಮುಂದೆ ನುಗ್ಗಿಯಾನು?

ಆಯಾಳ ಮಗಳು ಸಾಲು ಮುರಿಯುವ ಪೈಕಿ ಅಲ್ಲ. ಅಮ್ಮ ಅಲ್ಲಿ ನೆಲ ಒರೆಸಿ ಟಾಯ್ಲೆಟ್ ತೊಳೆಯುತ್ತಿದ್ದಳು, ಆ ಪುಣ್ಯಕ್ಕೆ ಮಗಳಿಗೆ ಹಿಂದಿನ ಬೆಂಚಿನಲ್ಲಿ ಪುಕ್ಕಟೆ ಜಾಗ. ಪುಕ್ಕಟೆ ಕೂತವರು ಉಸಿರನ್ನೂ ಅಳೆದು ಬಿಡುತ್ತಾರೆ. ಅವತ್ತು ಸಂಜೆ ಆ ಹುಡುಗಿ ಸಾಲಿನ ಕೊನೆಯಲ್ಲಿ ಬಂದು ನಿಂತಳು. ಮುಂದಿದ್ದವರೆಲ್ಲ ಮುಗಿಯುವ ತನಕ ನಿಂತಳು. ಏದುಸಿರು ಬಿಡುತ್ತಿದ್ದಳು, ಲಂಗ ಒದ್ದೆಯಾಗಿತ್ತು. ಡೌಟಕ್ಕ ನೋಡಲಿಲ್ಲ. ಅವಳು ಮುಖ ನೋಡುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು.

‘ಅಕ್ಕ, ಆಸಿಡ್ ಮೇಲೆ ಸೋಡಾ ಹಾಕಿದ್ರೆ...’

‘ತಟಸ್ಥ ಆಗುತ್ತೆ. ಲವಣ, ನೀರು, ಇಂಗಾಲದ ಡೈಆಕ್ಸೈಡ್. ಮುಂದೆ!’

ಹುಡುಗಿ ಓಡಿದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇದೂ ಹಾಗೇ ಆಯಿತು.

ನಡೆದದ್ದು ಇಷ್ಟು. ಟಾಯ್ಲೆಟ್ಟಿಗೆ ತಂದ ಆಸಿಡ್ಡನ್ನು ಅಣ್ಣ ಮುಚ್ಚಳ ಸಡಿಲವಾದ ಹಳೇ ನೀರಿನ ಬಾಟಲಿಗೆ ಸುರಿದಿಟ್ಟಿದ್ದ. ಕೈಗವಸು ಕೊಡಿ ಎಂದು ಆಯಾ ಕೇಳಿದ್ದಕ್ಕೆ ‘ನೋಡೋಣ’ ಎಂದಿದ್ದ. ಅವನ ‘ನೋಡೋಣ’ ಎಂದೂ ಏನನ್ನೂ ನೋಡಿದ್ದಿಲ್ಲ. ಬಾಟಲಿ ಎತ್ತುವಾಗ ಮುಚ್ಚಳ ಕಳಚಿ ಆಸಿಡ್ ಆಯಾಳ ಬಲಗೈ ಮೇಲೆ ಸುರಿಯಿತು. ಮಗಳಿಗೆ ದಿಕ್ಕು ತೋಚಲಿಲ್ಲ. ಕೇಳಲು ಇದ್ದದ್ದು ಒಂದೇ ಕಿಟಕಿ. ಅಲ್ಲಿ ಪಠ್ಯದ ಪ್ರಶ್ನೆ ಮಾತ್ರ. ಹೀಗಾಗಿ ಹೆತ್ತ ತಾಯಿಯ ಸುಟ್ಟ ಕೈಯನ್ನು ಆ ಮಗು ಪಠ್ಯದ ಪ್ರಶ್ನೆ ಮಾಡಿಕೊಂಡು, ಸಾಲಲ್ಲಿ ನಿಂತು, ಅರ್ಧ ಕೇಳಿ, ಪೂರ್ತಿ ಉತ್ತರ ತೆಗೆದುಕೊಂಡು ಹೋಗಿತ್ತು. ಬಟ್ಟೆ ಒಗೆಯುವ ಸೋಡಾವನ್ನು ಸುಟ್ಟ ಚರ್ಮಕ್ಕೆ ತಿಕ್ಕಿ, ಬಟ್ಟೆ ಬಿಗಿದು ಕಟ್ಟಿತ್ತು. ಬೇಗ ನಲ್ಲಿ ಕೆಳಗೆ ಹಿಡಿದು ತುಂಬ ಹೊತ್ತು ನೀರು ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ, ಎರಡು ಬೆರಳು ಇನ್ನು ಪೂರ್ತಿ ಮಡಚುವುದು ಕಷ್ಟ ಎಂದರು ಡಾಕ್ಟರು. ನಲ್ಲಿ ಅಲ್ಲೇ ಇತ್ತು, ಆಯಾಳ ಬೆನ್ನ ಹಿಂದೆ.

ಡೌಟಕ್ಕನಿಗೆ ಸುದ್ದಿ ಗೊತ್ತಾದದ್ದು ಮಾರನೆಯ ದಿನ. ಮೊದಲು ಅಣ್ಣನ ಮೇಲೆ ಉರಿದಳು, ಆಮೇಲೆ ಆ ಬಾಟಲಿಯ ಮೇಲೆ, ಸಾಲಲ್ಲಿ ನಿಂತು ಆ ಹುಡುಗಿಯ ಮುಖ ನೋಡದ ಮಕ್ಕಳ ಮೇಲೆ. ಉರಿಯುವುದಕ್ಕೆ ಇನ್ನು ಯಾರೂ ಸಿಗದಾದಾಗ ತಾನೊಬ್ಬಳೇ ಉಳಿದಳು. ಪಾಠದ ಬೀಕರಿನಲ್ಲಿ ಸರಿಯಾದದ್ದು ಮನುಷ್ಯರ ಚರ್ಮದ ಮೇಲೆ ಸರಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳುವಷ್ಟು ಹೊತ್ತು ಕಿವಿ ಕೊಟ್ಟಿರಲಿಲ್ಲ, ಅಷ್ಟೇ.

ಅಷ್ಟು ಹೊತ್ತಿಗೆ ಅಣ್ಣ ಕತೆ ಕಟ್ಟಿಯಾಗಿತ್ತು. ಹುಡುಗಿ ಪಾಠವನ್ನು ಅರ್ಧಂಬರ್ಧ ತಿಳಿದು ತಾನೇ ಏನೋ ಮಾಡಿಕೊಂಡಿದೆ, ಕಿಟಕಿಗೆ ಬಂದೇ ಇಲ್ಲ. ವಿಚಾರಿಸಲು ಆಯಾಳ ತಮ್ಮ ಬರುತ್ತಾನೆ, ನೀನು ಬಾಯಿ ತೆರೆಯಬೇಡ, ತಲೆ ಆಡಿಸಿದರೆ ಸಾಕು ಎಂದು ತಂಗಿಗೆ ತಾಕೀತು ಮಾಡಿದ. ಮಹಡಿಯ ರೂಮು ಯಾರದೆಂದು ನೆನಪಿರಲಿ ಎಂದೂ ಸೇರಿಸಿದ. ಅದಕ್ಕಿಂತ ಅವಳನ್ನು ಚುಚ್ಚಿದ್ದು ಇನ್ನೊಂದು ಮಾತು: ಹುಡುಗಿಯೂ ಹಾಗೇ ಹೇಳುತ್ತಿದ್ದಾಳಂತೆ, ತಪ್ಪು ತನ್ನದೇ ಎಂದು. ನಾಳೆ ಅಮ್ಮ ಲೋಟ ಹಿಡಿಯಲಾರದೆ ಒದ್ದಾಡಿದಾಗಲೆಲ್ಲ ಆ ಮಗು ಅದನ್ನೇ ಅಂದುಕೊಳ್ಳುತ್ತದೆ, ಬದುಕಿಡೀ.

ಅಣ್ಣನ ಆಫೀಸಿನಲ್ಲಿ ಆಯಾ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಟೆಂಪೋ ಓಡಿಸುವ ಅವಳ ತಮ್ಮ ಕೂರಲೇ ಇಲ್ಲ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅಣ್ಣ ಬೆಣ್ಣೆ ಸವರಿದಂತೆ ಮಾತಾಡಿದ. ಪಾಪ, ಮಗು ತಾನೇ ಎಂದ. ಔಷಧಿಗೆ ಏನಾದರೂ ಮಾಡೋಣ ಎಂದ. ಕೊನೆಗೆ ತಂಗಿಯ ಕಡೆ ತಿರುಗಿದ.

‘ಈ ಮಗು ನಿನ್ನ ಹತ್ರ ಬಂದೇ ಇಲ್ಲ ಅಲ್ವೇನಮ್ಮ?’

ಡೌಟಕ್ಕ ಆ ದಿನ ಉತ್ತರಕ್ಕೆ ತಡಮಾಡಿದಳು. ಅಣ್ಣನ ಕಣ್ಣು ಕೆಂಪಾಗುವಷ್ಟು ತಡಮಾಡಿದಳು.

‘ಬಂದಿದ್ಲು ಅಣ್ಣ. ಸಾಲಲ್ಲಿ ನಿಂತು ಬಂದಿದ್ಲು. ಅವಳು ಕೇಳೋದು ಮುಗಿಯೋಕೆ ನಾನೇ ಬಿಡ್ಲಿಲ್ಲ. ಸೋಡಾ ಹಾಕು ಅಂತ ಹೇಳಿದ ಹಾಗೇ ಆಯ್ತು ಅದು. ಆ ಆಸಿಡ್ಡನ್ನ ನೀರಿನ ಬಾಟ್ಲಿಗೆ ಸುರಿದವನು ನೀನು.’

ಅಣ್ಣ ಎದ್ದು ಕೂಗಾಡಿದ. ಉಂಡ ಮನೆಗೆ ಎರಡು ಬಗೆದವಳು ಎಂದ, ಸಂಜೆಯೊಳಗೆ ರೂಮು ಖಾಲಿ ಮಾಡು ಎಂದ. ಟೆಂಪೋದವನು ಒಂದು ಹೆಜ್ಜೆ ಮುಂದೆ ಬಂದ, ಅಣ್ಣ ಕೂತ. ಡೌಟಕ್ಕನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳು ಬಾಗಿಲ ಬಳಿಗೆ ಹೋದಳು. ಹುಡುಗಿ ತಲೆ ಎತ್ತಲಿಲ್ಲ.

‘ನನ್ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡಿ ಅಕ್ಕ,’ ಎಂದಳು. ‘ನಿಮ್ಮ ಉತ್ತರ ಸರಿಯಾಗೇ ಇತ್ತು. ನನಗೇ ಸರಿಯಾಗಿ ಕೇಳೋಕೆ ಬರ್ಲಿಲ್ಲ.’

ಡೌಟಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಿಟಕಿಯಲ್ಲಿ ಕೂತು ತಾನು ಕಲಿಸಿದ್ದು ಇದನ್ನೇ. ಹುಡುಗಿಯ ಎರಡೂ ತೋಳು ಹಿಡಿದಳು.

‘ತಪ್ಪು ನನ್ನದು ಕಣೇ, ನಿನ್ನದಲ್ಲ. ನನ್ನ ಮೇಲೆ ಸಿಟ್ಟು ಮಾಡ್ಕೊ. ಬೈಯಿ ನನ್ನ.’

ಹುಡುಗಿ ಅಮ್ಮನ ಬ್ಯಾಂಡೇಜಿನ ಕಡೆ ನೋಡಿದಳು. ಡೌಟಕ್ಕ ಕಾದಳು.

‘ಅಕ್ಕ,’ ಎಂದಳು ಕೊನೆಗೆ, ತೀರ ಸಣ್ಣ ದನಿಯಲ್ಲಿ. ‘ಸಿಟ್ಟು ಮಾಡ್ಕೋಬಹುದಾ ನಾವು?’