ಸಿಂಹಕ್ಕೆ ನಾಲಿಗೆ ಹೊಲಿದ ನುಂಜಿಯಾ

ಆಓಸ್ತಾ ಕಣಿವೆಯ ಮೇಲೂರುಗಳಲ್ಲಿ ಇನ್ನೂ ಹಾಲು ಕರೆಯುವ ಹೊತ್ತು. ನುಂಜಿಯಾ ಫಾಜಾರಿಯವರ ಅಡುಗೆಮನೆಯಲ್ಲಿ ಹೊಲಿಗೆ ಯಂತ್ರ ಆಗಲೇ ಸದ್ದು ಮಾಡುತ್ತಿದೆ. ಮೇಜಿನ ತುಂಬ ಪಂಚಾಯಿತಿಯ ಬಾವುಟ ಹರಡಿಕೊಂಡಿದೆ: ಅರ್ಧ ಕಪ್ಪು, ಅರ್ಧ ಕೆಂಪು. ಕಂಬದ ಕಡೆಯ ಕಪ್ಪು ಬಿಸಿಲಿಗೆ ಮಾಸಿದೆ, ಅಷ್ಟೆ. ಗಾಳಿಗೆ ಒಡ್ಡಿಕೊಂಡ ಕೆಂಪು ಚಿಂದಿಯಾಗಿದೆ. ನುಂಜಿಯಾ ಹಳೆಯ ಕೆಂಪನ್ನು ಬಿಚ್ಚಿ ಹೊಸದನ್ನು ಜೋಡಿಸುತ್ತಾರೆ.

"ಈ ಕಣಿವೇಲಿ ಹಾರೋ ಬಾವುಟ ಎಲ್ಲಾ ಅರ್ಧ ಮುದುಕಿ, ಅರ್ಧ ಮದುಮಗಳು," ಎಂದು ನಗುತ್ತಾರೆ.

ಎಂಟು ಗಂಟೆಗೆ ಅವರು ಶಾಲೆಯ ಅಡುಗೆಮನೆಯಲ್ಲಿರಬೇಕು. ಮಕ್ಕಳಿಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವಿ ಬಡಿಸಬೇಕು. ಬಾವುಟದ ಕೆಲಸವೇನಿದ್ದರೂ ಅದರ ಆಚೆ ಈಚೆ. ಹಬ್ಬದ ದಿನ ಬಾವುಟಕ್ಕೆ ಟೋಪಿ ತೆಗೆದು ನಿಲ್ಲುವವರಲ್ಲಿ ಅದರ ಹೊಲಿಗೆ ಯಾರದೆಂದು ಕೇಳಿದವರನ್ನು ನಾವಂತೂ ಕಂಡಿಲ್ಲ.

ನುಂಜಿಯಾ ಈ ಮಣ್ಣಿನವರಲ್ಲ. ಹತ್ತೊಂಬತ್ತರ ಹರೆಯದಲ್ಲಿ ದೂರದ ದಕ್ಷಿಣದ ಕಲಾಬ್ರಿಯಾದಿಂದ ಗಾರೆ ಕೆಲಸದವನ ಕೈಹಿಡಿದು ಬಂದವರು. ಇಲ್ಲಿಯ ಮಾತು ಒಂದಕ್ಷರ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಚೀಸ್ ಬೇಕಾದರೂ ಬೆರಳು ತೋರಿಸಬೇಕಿತ್ತು. ಓಣಿಯ ಹುಡುಗರು ಬೆರಳಮ್ಮ ಎಂದೇ ಕರೆದರು. ಕರೆದು ಪಕ್ಕದಲ್ಲಿ ಕೂರಿಸಿಕೊಂಡವರು ನೆರೆಮನೆಯ ದರ್ಜಿಯಮ್ಮ ಫಿಲೊಮೆನ್. ಹೊಲಿಗೆಯನ್ನೂ ಮಾತನ್ನೂ ಒಟ್ಟಿಗೇ ಕಲಿಸಿದರು.

"ಕತ್ತರಿ ಬೇಕಾದ್ರೆ ನಮ್ ಮಾತಲ್ಲಿ ಕೇಳು, ಇಲ್ದಿದ್ರೆ ಹಲ್ಲಲ್ಲಿ ಕಡಿ ಅನ್ನೋರು," ಎಂದು ನುಂಜಿಯಾ ನೆನೆಯುತ್ತಾರೆ. "ಅಷ್ಟು ಗದರಿಸಿದ್ರಿಂದಾನೇ ನಾನು ಈ ಊರಲ್ಲಿ ಮನುಷ್ಯಳಾದೆ."

ಆ ಫಿಲೊಮೆನ್‌ಗೆ ಈಗ ತೊಂಬತ್ತು ದಾಟಿದೆ. ಹಾಸಿಗೆ ಬಿಟ್ಟು ಏಳುವುದಿಲ್ಲ. ಊರಿನ ವಾದ್ಯಮೇಳದ ಕಪ್ಪು ಪತಾಕೆಗೆ ಬೆಳ್ಳಿ ನೂಲಿನಲ್ಲಿ ಕಣಿವೆಯ ಸಿಂಹವನ್ನು ಕಸೂತಿ ಮಾಡಿದವರು ಅವರೇ, ಹುಡುಗಿಯಾಗಿದ್ದಾಗ. ಕೆಂಪು ಉಗುರುಗಳು ಮುಗಿದಿದ್ದವು, ಕೆಂಪು ನಾಲಿಗೆ ಉಳಿದಿತ್ತು. ಹಸು ಕರೆಯುವ ಹೊತ್ತಾಯಿತು, ನಾಳೆ ಮಾಡಿದರಾಯಿತು ಎಂದು ಎದ್ದರು. ಬೆಳಗಾಗುವಷ್ಟರಲ್ಲಿ ಮೇಳದವರು ಪತಾಕೆಯನ್ನು ಮೆರವಣಿಗೆಗೆ ಒಯ್ದಿದ್ದರು. ಆಮೇಲೆ ಅದು ಫಿಲೊಮೆನ್ ಕೈಗೆ ಮರಳಿ ಬರಲೇ ಇಲ್ಲ. ಪಕ್ಕದೂರಿನವರು ಇವರನ್ನು ಮೂಗಸಿಂಹದವರು ಎಂದು ಹಂಗಿಸಿದರು. ವರ್ಷ ಕಳೆದಂತೆ ಮೇಳದವರು ಆ ಹಂಗಿಸುವಿಕೆಯನ್ನೇ ಬಿರುದಿನಂತೆ ಹೊತ್ತು ತಿರುಗಿದರು.

ನಾನು ಕಣ್ಣು ಮುಚ್ಚುವ ಮೊದಲು ಆ ನಾಲಿಗೆ ಇಟ್ಟುಬಿಡು ಎಂದು ಫಿಲೊಮೆನ್ ಈ ವಸಂತದಲ್ಲಿ ನುಂಜಿಯಾರ ಕೈ ಹಿಡಿದು ಕೇಳಿಕೊಂಡರು. ಪತಾಕೆ ಇಟ್ಟಿದ್ದ ಬೀರುವಿನ ಕೀಲಿ ಮೇಳದ ಅಧ್ಯಕ್ಷ ಉಬಾಲ್ಡ್ ಕೈಯಲ್ಲಿತ್ತು. ನಾಲಿಗೆ ಬಂದರೆ ನಮಗೂ ಉಳಿದವರಿಗೂ ಏನು ವ್ಯತ್ಯಾಸ, ನಮ್ಮ ಗುರುತೇ ಅದಲ್ಲವೇ ಎಂದು ಅವರು ಕೊಡಲೊಪ್ಪಲಿಲ್ಲ. ನುಂಜಿಯಾ ಎರಡನೇ ಸಲ ಹೋದಾಗ ಮೇಳದ ತಾಲೀಮು ನಡೆದಿತ್ತು. ಎಲ್ಲರೆದುರೇ ಹೇಳಿದರು:

"ಉಬಾಲ್ಡಣ್ಣ, ಮೂಗ ಅನ್ನಿಸ್ಕೊಳ್ಳೋದು ನಿಮಗೆ ತಮಾಷೆ. ಆಯಮ್ಮಂಗೆ ಅದು ಅರ್ಧಕ್ಕೇ ನಿಂತ ಕೆಲಸ. ನೀವು ನಗ್ತಾ ಹೊತ್ಕೊಂಡು ತಿರುಗಿದ್ದು ಅವರ ನಾಚಿಕೇನ."

ಉಬಾಲ್ಡ್ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರಂತೆ.

ನಾಲಿಗೆ ಹೊಲಿದದ್ದು ಒಂದೇ ಬೆಳಗಿನಲ್ಲಿ. ಪತಾಕೆಯನ್ನು ಹಾಸಿಗೆಯ ಮೇಲೆ ಹರಡಿದಾಗ ಫಿಲೊಮೆನ್ ಸಿಂಹದ ನಾಲಿಗೆಯನ್ನು ಹೆಬ್ಬೆರಳಿನಿಂದ ಬುಡದಿಂದ ತುದಿಯವರೆಗೂ ಸವರಿ ನೋಡಿದರು. ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ಎಂದಿನದೇ.

"ಸ್ವಲ್ಪ ಉದ್ದ ಆಯ್ತು ಕಣೇ. ನಿನ್ ನಾಲಿಗೆ ಥರಾನೇ."

ಬಿಚ್ಚಿ ಗಿಡ್ಡ ಮಾಡುತ್ತೀರಾ ಎಂದು ಕೇಳಿದರೆ ನುಂಜಿಯಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಉದ್ದ ಇದ್ರೆ ಇರ್ಲಿ ಬಿಡಿ. ನನ್ ನಾಲಿಗೇನೂ ಅವರು ಕೊಟ್ಟಿದ್ದೇ ಅಲ್ವಾ."